ಅಘನಾಶಿನಿ ಹೊಳೆ ಮತ್ತು ಅದರ ಅಳಿವೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟಾ ಕಡೆಯವನು. ಊರಿಗೆ ಬರುವ ನೆಂಟರು, ಗೋಕರ್ಣಕ್ಕೆಂದು ಬಂದು ಅಡ್ಡದಾರಿ ಹಿಡಿದವರು, ಶಾಲೆಯ ಪ್ರಾಜೆಕ್ಟ್ ಬರೆಯಲು ಕೂತ ಮಕ್ಕಳು ಎಲ್ಲರೂ ಈ ಹೊಳೆಯ ಬಗ್ಗೆ ಹೆಚ್ಚುಕಮ್ಮಿ ಒಂದೇ ನಮೂನೆಯ ಪ್ರಶ್ನೆ ಕೇಳುತ್ತಾರೆ. ಪ್ರತಿ ಸಲ ಬಾಯಿ ನೋಯಿಸಿಕೊಳ್ಳುವ ಬದಲು ಒಮ್ಮೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು. ಕೆಲವಕ್ಕೆ ಉತ್ತರ ಉದ್ದವಾಗಿದೆ, ಕೆಲವಕ್ಕೆ ಎರಡೇ ಸಾಲು. ಹೊಳೆಯೂ ಹಾಗೇ ಇದೆ, ಒಂದು ಕಡೆ ಹಾರಿದರೆ ದಾಟಬಹುದು, ಇನ್ನೊಂದು ಕಡೆ ಆಚೆ ದಡದ ಮನುಷ್ಯ ಕಾಣುವುದಿಲ್ಲ.

ಅಘನಾಶಿನಿ ಹುಟ್ಟುವುದು ಎಲ್ಲಿ?

ಶಿರಸಿಯವರನ್ನು ಕೇಳಿದರೆ ಪೇಟೆಯ ಶಂಕರ ಹೊಂಡ ತೋರಿಸುತ್ತಾರೆ. ಅದು ನಂಬಿಕೆಯ ಮೂಲ, ಅದಕ್ಕೆ ತಕರಾರಿಲ್ಲ. ನಕ್ಷೆ ಹಿಡಿದು ನೋಡಿದರೆ ಎರಡು ಕವಲು ಕಾಣುತ್ತವೆ. ಒಂದು ಶಿರಸಿಯ ಹತ್ತಿರ ಹುಟ್ಟುವ ದೋಣಿಹಳ್ಳ. ಇನ್ನೊಂದು ವೆಂಕಟರಮಣ ದೇವಸ್ಥಾನವಿರುವ ಮಂಜುಗುಣಿ ಕಡೆಯಿಂದ ಬರುವ ಬಾಕೂರು ಹೊಳೆ. ಇವೆರಡೂ ಮುತ್ತಳ್ಳಿ ಹತ್ತಿರ ಕೂಡುತ್ತವೆ, ಅಲ್ಲಿಂದ ಮುಂದೆ ಅಘನಾಶಿನಿ. ಈ ಭಾಗದಲ್ಲಿ ಹೊಳೆಯೆಂದರೆ ಅಡಿಕೆ ತೋಟದ ಬುಡದಲ್ಲಿ ಹರಿಯುವ ನೀರು, ಅಷ್ಟೇ. ದೊಡ್ಡ ನದಿಯ ಗತ್ತು ಇಲ್ಲಿ ಹುಡುಕಬೇಡಿ.

ಎಷ್ಟು ಉದ್ದ? ಇದನ್ನು ಸಣ್ಣ ನದಿ ಅನ್ನಬಹುದಾ?

ಧಾರಾಳವಾಗಿ ಅನ್ನಬಹುದು. 120 ಕಿಲೋಮೀಟರ್ ಆಸುಪಾಸು. ನಮ್ಮ ಜಿಲ್ಲೆಯದೇ ಕಾಳಿ 184 ಕಿಲೋಮೀಟರ್ ಇದೆ. ಶಿರಸಿ, ಸಿದ್ದಾಪುರ, ಕುಮಟಾ ಈ ಮೂರು ತಾಲ್ಲೂಕು ದಾಟುವಷ್ಟರಲ್ಲಿ ಇದರ ಆಯುಷ್ಯ ಮುಗಿಯುತ್ತದೆ. ನೀರು ಬಂದು ಸೇರುವ ಪ್ರದೇಶ 1,400 ಚದರ ಕಿಲೋಮೀಟರ್ ಆಚೀಚೆ. ಆದರೆ ಅಷ್ಟು ಚಿಕ್ಕ ಜಾಗದ ಮೇಲೆ ಬೀಳುವ ಮಳೆ ಚಿಕ್ಕದಲ್ಲ. ಕರಾವಳಿಯಲ್ಲೇ ವರ್ಷಕ್ಕೆ 3,500 ಮಿಲಿಮೀಟರಿನಷ್ಟು ಸುರಿಯುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಇದು ವರ್ಷದ ನಾಲ್ಕು ತಿಂಗಳು ದೊಡ್ಡ ನದಿ, ಎಂಟು ತಿಂಗಳು ಸಣ್ಣದು.

ಅಘನಾಶಿನಿ, ತದಡಿ ಹೊಳೆ ಎರಡೂ ಒಂದೇನಾ?

ಒಂದೇ. ಹಳೆಯ ಕಾಗದಪತ್ರದಲ್ಲಿ ತದಡಿ ಹೊಳೆ ಅಂತಲೇ ಹೆಚ್ಚು. ಕಡಲು ಸೇರುವಲ್ಲಿ ಉತ್ತರದ ದಡದ ಊರು ತದಡಿ, ದಕ್ಷಿಣದ ದಡದ ಊರು ಅಘನಾಶಿನಿ. ಊರಿಗೂ ಹೊಳೆಗೂ ಒಂದೇ ಹೆಸರು ಇರುವುದರಿಂದ ‘ಅಘನಾಶಿನಿಗೆ ಹೋಗಿ ಬಂದೆ’ ಅಂದರೆ ಯಾವುದಕ್ಕೆ ಅಂತ ನಾವೇ ಮರಳಿ ಕೇಳಬೇಕಾಗುತ್ತದೆ. ಅಘ ಅಂದರೆ ಪಾಪ, ಅದನ್ನು ನಾಶ ಮಾಡುವವಳು ಎಂಬುದು ಹೆಸರಿನ ಅರ್ಥ. ಆದರೆ ದಡದಲ್ಲಿ ಬದುಕುವವರು ಹೆಸರು ಹಿಡಿದು ಕರೆಯುವುದು ಕಡಿಮೆ. ‘ಹೊಳೆ’ ಅಂದರೆ ಸಾಕು.

ಉಂಚಳ್ಳಿ ಜಲಪಾತ ಈ ಹೊಳೆಯದೇ?

ಹೌದು. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆ ಹತ್ತಿರ ಹೊಳೆ 116 ಮೀಟರ್ ಕೆಳಕ್ಕೆ ಬೀಳುತ್ತದೆ. 1845ರಲ್ಲಿ ಇದನ್ನು ಕಂಡ ಬ್ರಿಟಿಷ್ ಕಲೆಕ್ಟರ್ ಲಷಿಂಗ್ಟನ್ ಹೆಸರಿನಲ್ಲಿ ಲಷಿಂಗ್ಟನ್ ಜಲಪಾತ ಅಂತಲೂ ಕರೆದರು. ಸ್ಥಳೀಯರ ಹೆಸರು ಇದಕ್ಕಿಂತ ಚೆಂದ: ಕೆಪ್ಪ ಜೋಗ. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ. ಭೂಗೋಳದ ಲೆಕ್ಕದಲ್ಲಿ ಈ ಬೀಳು ಒಂದು ಗಡಿ. ಅದರ ಮೇಲಿನದು ಮಲೆನಾಡಿನ ನಿಧಾನದ ಹೊಳೆ, ಕೆಳಗೆ ಕಡಿದಾದ ಕಣಿವೆ, ದಟ್ಟ ಕಾಡು. ಸಿಂಗಳೀಕಗಳಿಗಾಗಿ 2011ರಲ್ಲಿ ಸುಮಾರು 300 ಚದರ ಕಿಲೋಮೀಟರಿನ ಸಂರಕ್ಷಿತ ಮೀಸಲು ಘೋಷಿಸಿದ್ದು ಈ ಕಣಿವೆಯ ಸುತ್ತಲಿನ ಕಾಡನ್ನೇ.

ಘಟ್ಟ ಇಳಿದ ಮೇಲೆ ಯಾವ ಯಾವ ಹಳ್ಳ ಸೇರುತ್ತದೆ?

ದೇವಿಮನೆ ಘಟ್ಟದ ಕಡೆಯ ಬೆಣ್ಣೆ ಹೊಳೆ ಒಂದು. ಅದರ ಜಲಪಾತದ ನೀರು ನಿಜಕ್ಕೂ ಬೆಣ್ಣೆ ಚೆಲ್ಲಿದ ಹಾಗೆ ಇರುತ್ತದೆ. ಇನ್ನೊಂದು ಚಂಡಿಕಾ ಹೊಳೆ. ಇದು ಯಾಣದ ಕಪ್ಪು ಬಂಡೆಗಳ ಬುಡದಿಂದ ಹೊರಟು ಉಪ್ಪಿನಪಟ್ಟಣದಲ್ಲಿ ಅಘನಾಶಿನಿಯನ್ನು ಕೂಡುತ್ತದೆ. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಅಂತ ನಮ್ಮಲ್ಲಿ ಗಾದೆ ಇದೆ. ಯಾಣದ ನೀರು ಮಾತ್ರ ಸೊಕ್ಕೂ ರೊಕ್ಕವೂ ಇಲ್ಲದೆ ಗೋಕರ್ಣದ ಮಗ್ಗುಲಿನವರೆಗೆ ಹೋಗಿ ಮುಟ್ಟುತ್ತದೆ.

ಅಳಿವೆ ಅಂದರೆ ಸರಿಯಾಗಿ ಯಾವುದು? ಅದು ಎಲ್ಲಿಂದ ಶುರು?

ಹೊಳೆ ಕಡಲು ಸೇರುವ ಬಾಯಿಗೆ ನಮ್ಮಲ್ಲಿ ಅಳಿವೆ ಅನ್ನುತ್ತಾರೆ. ಓದಿದವರು ಅದೇ ಪದವನ್ನು ಹಿಗ್ಗಿಸಿ, ಕಡಲಿನ ನೀರು ದಿನವೂ ಏರಿ ಇಳಿಯುವ ಹೊಳೆಯ ಪೂರ್ತಿ ಭಾಗಕ್ಕೆ ಬಳಸುತ್ತಾರೆ. ನಾನೂ ಇಲ್ಲಿ ಹಾಗೇ ಬಳಸುತ್ತೇನೆ.

ಶುರು ಎಲ್ಲಿಂದ ಅಂತ ಗೂಟ ಹೊಡೆದು ಹೇಳಲು ಬರುವುದಿಲ್ಲ. ಏಕೆಂದರೆ ಇಲ್ಲಿ ಗೆರೆ ಎರಡಿವೆ. ನೀರಿನ ಮಟ್ಟ ಏರಿಳಿಯುವುದು ಎಲ್ಲಿಯವರೆಗೆ ಎಂಬುದು ಒಂದು. ನೀರು ಉಪ್ಪಾಗುವುದು ಎಲ್ಲಿಯವರೆಗೆ ಎಂಬುದು ಇನ್ನೊಂದು. ಮೊದಲನೆಯದು ಹೆಚ್ಚುಕಮ್ಮಿ ಉಪ್ಪಿನಪಟ್ಟಣದ ಆಸುಪಾಸಿನವರೆಗೆ ಹೋಗುತ್ತದೆ, ಬಾಯಿಯಿಂದ ಒಳಗೆ ಇಪ್ಪತ್ತೈದು ಕಿಲೋಮೀಟರ್ ಅಂದುಕೊಳ್ಳಿ. ಎರಡನೆಯದು ತಿಂಗಳಿಗೊಂದು ಕಡೆ ಇರುತ್ತದೆ. ಬೇಸಿಗೆಯ ಕೊನೆಗೆ ಬಹಳ ಮೇಲಕ್ಕೆ ಬರುತ್ತದೆ, ಜುಲೈನಲ್ಲಿ ಬಾಯಿಯ ಹತ್ತಿರಕ್ಕೆ ಹಿಂದೆ ಸರಿಯುತ್ತದೆ.

ಉಪ್ಪಿನಪಟ್ಟಣ ಎಂಬ ಹೆಸರನ್ನೇ ನೋಡಿ. ಅಲ್ಲಿ ಉಪ್ಪು ಬೆಳೆಯುವುದಿಲ್ಲ. ಭರತದ ನೀರು ಹಿಡಿದು ಬಂದ ದೋಣಿ ಅಲ್ಲಿಗೆ ನಿಲ್ಲುತ್ತದೆ, ಮುಂದಿನದು ಕಲ್ಲು, ಇಳಿಜಾರು, ಘಟ್ಟ. ಕೆಳಗಿನ ಉಪ್ಪು, ಮೀನು ಇಳಿಯುವುದಕ್ಕೂ ಮೇಲಿನ ಅಡಿಕೆ, ಮೆಣಸು ಹತ್ತುವುದಕ್ಕೂ ಅದಕ್ಕಿಂತ ಸರಿಯಾದ ಜಾಗ ಇನ್ನೊಂದಿಲ್ಲ. ಊರಿಗೆ ಹೆಸರಿಟ್ಟವರು ಹೊಳೆಯನ್ನು ಚೆನ್ನಾಗಿ ಬಲ್ಲವರು ಅಂತ ನನಗೆ ಅನ್ನಿಸುತ್ತದೆ.

ಒಳಗೆ ಅಷ್ಟು ಅಗಲ, ಬಾಯಿ ಇಷ್ಟು ಸಣ್ಣ, ಯಾಕೆ?

ಹಿಮಯುಗದ ಕೊನೆಗೆ ಕಡಲಿನ ಮಟ್ಟ ಈಗಿನದಕ್ಕಿಂತ ನೂರು ಮೀಟರಿಗೂ ಹೆಚ್ಚು ಕೆಳಗಿತ್ತು. ಹೊಳೆ ಆಗ ಇನ್ನೂ ದೂರ ಹರಿದು, ತನ್ನ ಕಣಿವೆಯನ್ನು ಆಳವಾಗಿ ಕೊರೆದಿತ್ತು. ಹಿಮ ಕರಗಿ ಕಡಲು ಏರಿದಾಗ ಆ ಕಣಿವೆಯೊಳಗೆ ನೀರು ನುಗ್ಗಿ ತುಂಬಿಕೊಂಡಿತು. ಆಮೇಲೆ ಸಾವಿರಾರು ಮಳೆಗಾಲ ತಂದ ಕೆಸರು ಅದರೊಳಗೆ ಕೂತು ಚಪ್ಪಟೆ ಬಯಲಾಯಿತು. ಬಾಯಿಯಲ್ಲಿ ಮಾತ್ರ ಎರಡೂ ಕಡೆ ಗುಡ್ಡ ಮುಂದೆ ಚಾಚಿಕೊಂಡಿದೆ. ಗುಡ್ಡ ಸರಿದು ಜಾಗ ಕೊಡುವುದಿಲ್ಲವಲ್ಲ. ಹಾಗಾಗಿ ಒಳಗೆ ದೊಡ್ಡ ಬಾಣಲೆ, ಹೊರಗೆ ಸಣ್ಣ ಕಿಂಡಿ.

ಇದರ ಪರಿಣಾಮ ತದಡಿ ಧಕ್ಕೆಯ ಮೇಲೆ ನಿಂತರೆ ಕಣ್ಣಿಗೆ ಕಾಣುತ್ತದೆ. ಇಳಿತದ ಹೊತ್ತಿನಲ್ಲಿ ಇಡೀ ಬಾಣಲೆಯ ನೀರು ಆ ಸಂದಿಯಲ್ಲೇ ಹೊರಬೀಳಬೇಕು. ತೆಂಗಿನ ಗರಿಯೊಂದು ಬಿದ್ದರೆ ನೀವು ನಡೆಯುವುದಕ್ಕಿಂತ ಬೇಗ ಕಡಲು ಮುಟ್ಟುತ್ತದೆ. ಆಚೆ ದಡದ ಅಘನಾಶಿನಿ ಊರು ಕೂಗಿದರೆ ಕೇಳುವಷ್ಟು ಹತ್ತಿರ ಕಂಡರೂ ರಸ್ತೆಯಲ್ಲಿ ಹೋಗುವುದಾದರೆ ಮಿರ್ಜಾನ್, ಕುಮಟಾ ಸುತ್ತಿ ಮೂವತ್ತು ಕಿಲೋಮೀಟರಿಗೂ ಮಿಕ್ಕಿ ಹೋಗಬೇಕು. ತಾರಿ, ಅಂದರೆ ಹೊಳೆ ದಾಟಿಸುವ ದೋಣಿ, ಹತ್ತಿದರೆ ಕೆಲವೇ ನಿಮಿಷ.

ಭರತ, ಇಳಿತದ ಸಮಯ ಮೊಬೈಲ್ ಇಲ್ಲದೆ ಹೇಗೆ ತಿಳಿಯುವುದು?

ಪಂಚಾಂಗ ಇದ್ದರೆ ಸಾಕು. ಭರತವೆಂದರೆ ನೀರು ಏರುವುದು, ಇಳಿತವೆಂದರೆ ಇಳಿಯುವುದು. ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನದಕ್ಕೆ ಸುಮಾರು ಹನ್ನೆರಡು ಗಂಟೆ 25 ನಿಮಿಷ ಅಂತರ ಇರುವುದರಿಂದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಚಂದ್ರ ಉದಯಿಸುವ ಹೊತ್ತೂ ದಿನಕ್ಕೆ ಹೆಚ್ಚುಕಮ್ಮಿ ಅಷ್ಟೇ ತಡವಾಗುತ್ತದೆ, ಕಾರಣ ಎರಡಕ್ಕೂ ಒಬ್ಬನೇ.

ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ದಿನ ತುಂಬು ಭರತ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮತ್ತೆ ರಾತ್ರಿ ಅದೇ ಹೊತ್ತಿಗೆ. ಇಳಿತ ಬೆಳಗಿನ ಜಾವ ಐದು, ಸಂಜೆ ಐದರ ಆಚೀಚೆ. ಅಲ್ಲಿಂದ ತಿಥಿಗೆ 50 ನಿಮಿಷ ಕೂಡಿಸುತ್ತಾ ಹೋಗಿ. ಪಂಚಮಿಯ ದಿನ ಭರತ ಮಧ್ಯಾಹ್ನ ಮೂರರ ಮೇಲೆ ಬರುತ್ತದೆ, ಅಷ್ಟಮಿಗೆ ಸಂಜೆ ಐದೂವರೆಗೆ ಹೋಗುತ್ತದೆ. ಇದು ಬಾಯಿಯ ಲೆಕ್ಕ. ಮಿರ್ಜಾನ್, ದೀವಗಿ ಕಡೆ ಒಳಗೆ ಹೋದಷ್ಟೂ ತಡವಾಗುತ್ತದೆ. ಗಾಳಿ, ಮಳೆ ಇದ್ದರೆ ಇನ್ನಷ್ಟು ಆಚೀಚೆ. ದೋಣಿ ಇಳಿಸುವವರು ಸರ್ಕಾರಿ ಕೋಷ್ಟಕವನ್ನೇ ನೋಡಬೇಕು, ನನ್ನ ಬೆರಳೆಣಿಕೆಯನ್ನಲ್ಲ.

ಎಷ್ಟು ಎತ್ತರ ಏರುತ್ತದೆ? ಅಮಾವಾಸ್ಯೆ, ಹುಣ್ಣಿಮೆಗೆ ಎರಡು ಮೀಟರ್ ಹತ್ತಿರ, ಅಷ್ಟಮಿಯ ಹೊತ್ತಿಗೆ ಅದರ ಅರ್ಧ ಇದ್ದರೆ ಹೆಚ್ಚು. ಗುಜರಾತಿನ ಖಂಭಾತ್ ಕೊಲ್ಲಿಯವರು ಕೇಳಿದರೆ ನಗುತ್ತಾರೆ, ಅಲ್ಲಿ ಹತ್ತು ಮೀಟರ್ ಏರುವುದುಂಟು. ಆದರೆ ನೆಲ ಇಷ್ಟು ಚಪ್ಪಟೆ ಇರುವಲ್ಲಿ ಎರಡು ಮೀಟರ್ ಏನು ಮಾಡುತ್ತದೆ ಎಂಬುದನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ಒಂದು ಸಲ ನಾನು ನೆಂಟರ ಹುಡುಗರನ್ನು ಕರೆದುಕೊಂಡು ಐಗಳಕುರ್ವೆ ಕಡೆ ಪಾತಿದೋಣಿಯಲ್ಲಿ ಹೋಗಿ, ಮಾತಿನ ಭರದಲ್ಲಿ ಹೊತ್ತು ನೋಡಲಿಲ್ಲ. ನೀರು ಸದ್ದಿಲ್ಲದೆ ಜಾರಿತು. ದೋಣಿ ಕೆಸರಿನ ಮೇಲೆ ಕೂತಿತು. ಇಳಿದು ನೂಕೋಣ ಎಂದರೆ ಕಾಲು ಮೊಣಕಾಲಿನವರೆಗೆ ಹೂತು ಚಪ್ಪಲಿ ಒಳಗೇ ಉಳಿಯಿತು. ಮುಂದಿನ ಭರತ ಬಂದು ಎತ್ತುವವರೆಗೆ ನಾಲ್ಕು ತಾಸು ಬಿಸಿಲಿನಲ್ಲಿ ಕೂತು ಇದ್ದ ಒಂದು ಪೊಟ್ಟಣ ಚುರುಮುರಿ ಹಂಚಿಕೊಂಡು ತಿಂದೆವು. ಪಂಚಾಂಗ ಮನೆಯ ಗೋಡೆಯ ಮೇಲೆ ತಣ್ಣಗೆ ನೇತಾಡುತ್ತಿತ್ತು.

ಕುರ್ವೆ ಅಂದರೆ ಏನು?

ಹೊಳೆಯ ನಡುವಿನ ನಡುಗಡ್ಡೆ. ಹೊಳೆ ತಂದ ಮಣ್ಣು ನಿಂತು ಆದ ನೆಲ. ಅದರ ಮೇಲೆ ತೆಂಗು, ಮನೆ, ಬಾವಿ ಎಲ್ಲ ಇರುತ್ತದೆ. ಐಗಳಕುರ್ವೆ ಇವುಗಳಲ್ಲಿ ಹೆಸರಾದದ್ದು. ಕುರ್ವೆಯ ಬಾವಿಯ ವಿಷಯ ಸೂಕ್ಷ್ಮ. ಮಳೆಯ ಸಿಹಿನೀರು ಹಗುರ, ಉಪ್ಪುನೀರು ಭಾರ. ಹಾಗಾಗಿ ನೆಲದೊಳಗೆ ಸಿಹಿ ಮೇಲೆ, ಉಪ್ಪು ಕೆಳಗೆ. ಬೇಸಿಗೆಯಲ್ಲಿ ಪಂಪು ಹಾಕಿ ಜೋರಾಗಿ ಎಳೆದರೆ ಕೆಳಗಿನದು ಮೇಲೆ ಬರುತ್ತದೆ, ಚಹಾ ಕುಡಿದವರ ಮುಖ ನೋಡಿದರೇ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಅಳಿವೆಯ ಉಪ್ಪೆಲ್ಲ ಎಲ್ಲಿಗೆ ಹೋಗುತ್ತದೆ?

ಕಡಲಿಗೆ. ಈ ಹೊಳೆಯ ಬಗ್ಗೆ ಒಂದೇ ಒಂದು ವಿಷಯ ನೆನಪಿಡುವುದಾದರೆ ಇದನ್ನು ಇಡಿ. ಜೂನ್ ಎರಡನೇ ವಾರದಿಂದ ಘಟ್ಟದ ನೀರು ಕೆಂಪಗೆ ಇಳಿದು ಉಪ್ಪನ್ನು ತಳ್ಳುತ್ತಾ ತಳ್ಳುತ್ತಾ ಬಾಯಿಯ ಹೊರಗೆ ಹಾಕುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಹುಪಾಲು ಅಳಿವೆ ಸಿಹಿ. ಭರತದ ಏರಿಳಿತ ಆಗಲೂ ಇರುತ್ತದೆ, ಆದರೆ ಏರುವುದು ಸಿಹಿನೀರೇ. ಮಳೆ ಹಿಂದೆ ಸರಿದ ಮೇಲೆ ಉಪ್ಪು ಒಂದೊಂದೇ ಊರು ಹಿಡಿಯುತ್ತಾ ಮೇಲೆ ಬರುತ್ತದೆ. ನಡುವೆ ಒಂದಷ್ಟು ವಾರ ನೀರು ಅತ್ತ ಸಿಹಿಯೂ ಅಲ್ಲ, ಇತ್ತ ಉಪ್ಪೂ ಅಲ್ಲ, ಸವಳು. ಮಾರ್ಚ್ ದಾಟಿದರೆ ಬಾಯಿಯ ಹತ್ತಿರದ ನೀರಿಗೂ ಕಡಲಿನ ನೀರಿಗೂ ವ್ಯತ್ಯಾಸ ಕಡಿಮೆ.

ಈ ಸುತ್ತು ವರ್ಷವೂ ತಪ್ಪದೆ ನಡೆಯುತ್ತದೆ. ಭತ್ತ, ಶೆಟ್ಲಿ (ಸಿಗಡಿ), ಬಳಚು (ಚಿಪ್ಪಿನ ಜೀವಿ), ಉಪ್ಪು, ಇಲ್ಲಿಯ ಎಲ್ಲ ಕಸುಬೂ ಈ ಸುತ್ತಿನ ಒಂದೊಂದು ತುಂಡನ್ನು ಹಿಡಿದು ಬದುಕುತ್ತದೆ. ಮುಂದಿನ ಉತ್ತರಗಳಲ್ಲಿ ಅದೇ ಬರುತ್ತದೆ.

ಗಜನಿ ಎಂದರೆ ಗದ್ದೆಯೋ, ಮೀನಿನ ಕೆರೆಯೋ?

ಎರಡೂ, ಬೇರೆ ಬೇರೆ ತಿಂಗಳಲ್ಲಿ. ಅಳಿವೆಯ ಅಂಚಿನ ತಗ್ಗು ನೆಲಕ್ಕೆ ಸುತ್ತ ಕಟ್ಟೆ ಹಾಕಿ, ಅಲ್ಲಲ್ಲಿ ಮರದ ಹಲಗೆಯ ಬಾಗಿಲು ಇಡುತ್ತಾರೆ. ಆ ಬಾಗಿಲಿಗೆ ಜಂತ್ರಡಿ ಎನ್ನುತ್ತಾರೆ. ಹಲಗೆ ಎತ್ತಿದರೆ ಹೊಳೆಯ ನೀರು ಒಳಗೆ, ಇಳಿಸಿದರೆ ಹೊರಗೇ.

ಬೇಸಿಗೆಯ ಕೊನೆಗೆ ಜಂತ್ರಡಿ ಮುಚ್ಚಿ ಗದ್ದೆ ಒಣಗಿಸುತ್ತಾರೆ. ನೆಲ ಬಿರುಕು ಬಿಟ್ಟು ಮೇಲೆ ಉಪ್ಪಿನ ಬಿಳಿ ಪದರ ಕಾಣುತ್ತದೆ. ಮೊದಲ ಮಳೆ ಬಂದು ಆ ಉಪ್ಪನ್ನು ತೊಳೆದುಕೊಂಡು ಹೋದ ಮೇಲೆ ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ. ನಾಟಿ ಇಲ್ಲ, ಗೊಬ್ಬರ ಇಲ್ಲ, ಔಷಧ ಹೊಡೆಯುವುದೂ ಇಲ್ಲ. ಕಗ್ಗ ಸವಳಿಗೆ ಹೆದರುವುದಿಲ್ಲ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಕೊಳೆಯುವುದಿಲ್ಲ, ಎದೆಯೆತ್ತರ ಬೆಳೆಯುತ್ತದೆ. ಅಕ್ಟೋಬರ್ ಹೊತ್ತಿಗೆ ತೆನೆ ಮಾತ್ರ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಸೋಮಾರಿತನ ಅಂದುಕೊಳ್ಳಬೇಡಿ. ಆ ಹುಲ್ಲು ನೀರಿನಲ್ಲಿ ಕೊಳೆತು ಮುಂದಿನ ಬೆಳೆಗೆ ಮೇವಾಗುತ್ತದೆ. ಮುಂದಿನ ಬೆಳೆ ಯಾವುದು? ಶೆಟ್ಲಿ, ಅಂದರೆ ಸಿಗಡಿ, ಜೊತೆಗೆ ಮೀನು, ಏಡಿ. ಜಂತ್ರಡಿ ಎತ್ತಿ ಭರತದ ನೀರು ಬಿಟ್ಟರೆ ಮರಿಗಳು ತಾವಾಗಿಯೇ ಬರುತ್ತವೆ. ಬೆಳೆದ ಮೇಲೆ ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿ ಹಲಗೆ ಎತ್ತುತ್ತಾರೆ.

ರಾತ್ರಿ ಹೊತ್ತು ಒಮ್ಮೆ ನೋಡಬೇಕು ಅದನ್ನು. ಕತ್ತಲು, ಒಂದು ಬ್ಯಾಟರಿ ಬೆಳಕು, ಹಲಗೆಯ ಕೆಳಗಿಂದ ನುಗ್ಗುವ ನೀರಿನ ಸದ್ದು. ಬಲೆಯ ತುದಿ ಬಿಚ್ಚಿ ಬುಟ್ಟಿಗೆ ಸುರಿದಾಗ ಶೆಟ್ಲಿಗಳ ಕಣ್ಣು ಬೆಳಕಿಗೆ ಕೆಂಡದ ಕಿಡಿಯ ಹಾಗೆ ಹೊಳೆಯುತ್ತವೆ, ಬುಟ್ಟಿಯೇ ಉಸಿರಾಡುತ್ತಿದೆಯೇನೋ ಎಂಬಂತೆ ಚಟಪಟ ಅನ್ನುತ್ತದೆ.

ಕಗ್ಗ ಈಗಲೂ ಬೆಳೆಯುತ್ತಾರಾ?

ಮಾಣಿಕಟ್ಟೆಯಲ್ಲಿ ಬೆಳೆಯುತ್ತಾರೆ. ಆ ಊರಿನ ರೈತರು ಕೂಡಿ ಬೀಜ ಉಳಿಸಿಕೊಂಡಿದ್ದಾರೆ. ಬೇರೆ ಕಡೆ ಕಡಿಮೆಯಾಗಿದೆ. ಕಾರಣ ಒಂದಲ್ಲ. ಊರವರೇ ಮಣ್ಣು ಹೊತ್ತು ಕಟ್ಟುತ್ತಿದ್ದ ಕಟ್ಟೆಯ ಜಾಗದಲ್ಲಿ ಸರ್ಕಾರದ ಕಲ್ಲಿನ ಕಟ್ಟೆ ಬಂತು. ಕಟ್ಟೆ ಗಟ್ಟಿಯಾಯಿತು, ಆದರೆ ಅದನ್ನು ನೋಡಿಕೊಳ್ಳುವುದು ನಮ್ಮ ಕೆಲಸ ಎಂಬುದು ಸಡಿಲವಾಯಿತು. 1990ರ ದಶಕದಲ್ಲಿ ಸಿಗಡಿಗೆ ಬೆಲೆ ಬಂದಾಗ ಹನ್ನೆರಡು ತಿಂಗಳೂ ಉಪ್ಪುನೀರು ನಿಲ್ಲಿಸಿದರು, ಭತ್ತಕ್ಕೆ ಜಾಗ ಉಳಿಯಲಿಲ್ಲ. ಬೆನ್ನಿಗೇ ಸಿಗಡಿಗೆ ಬಿಳಿಚುಕ್ಕೆ ರೋಗ ಬಂತು. ಕರಾವಳಿಯ ಸಿಗಡಿ ಕೃಷಿಯ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುನಿಟ್ಟಿನ ತೀರ್ಪನ್ನೂ ಕೊಟ್ಟಿತು. ಕೆಲವರ ಕೈಯಲ್ಲಿ ಕೊನೆಗೆ ಭತ್ತವೂ ಉಳಿಯಲಿಲ್ಲ, ಸಿಗಡಿಯೂ ಉಳಿಯಲಿಲ್ಲ.

ಕಗ್ಗದಕ್ಕಿ ಕೆಂಪು, ಗಂಜಿಗೆ ಬಲು ರುಚಿ. ಬೆಳ್ತಿಗೆ ಅನ್ನ ತಿಂದು ರೂಢಿಯಾದವರಿಗೆ ಮೊದಲ ತುತ್ತು ಒರಟು ಅನ್ನಿಸಬಹುದು.

ಬಳಚು ಅಂದರೇನು? ಅದಕ್ಕೆ ಅಷ್ಟು ಮಹತ್ವ ಯಾಕೆ?

ಬಳಚು, ಕೆಲವರ ಬಾಯಲ್ಲಿ ಬೆಳಚು, ಅಳಿವೆಯ ಮರಳು ಕೆಸರಿನಲ್ಲಿ ಹೂತುಕೊಂಡು ಬದುಕುವ ಎರಡು ಚಿಪ್ಪಿನ ಜೀವಿ. ಕಾರವಾರ ಕಡೆ ತಿಸ್ರೆ ಅನ್ನುತ್ತಾರೆ. ಇದರ ಜೊತೆ ಕಲ್ಲಿಗೆ ಅಂಟುವ ಕಲ್ವ ಇದೆ, ನೀಲಿಕಲ್ಲು ಇದೆ. ಎಲ್ಲವೂ ನೀರು ಕುಡಿದು, ಅದರಲ್ಲಿಯ ಸಣ್ಣ ಆಹಾರ ಸೋಸಿಕೊಂಡು, ಉಳಿದದ್ದನ್ನು ಹೊರಬಿಡುವಂಥವು. ಹೊಳೆಯ ನೀರು ಸೋಸುವ ಕೆಲಸ ಸಂಬಳವಿಲ್ಲದೆ ನಡೆಯುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಲ್ಲಿ ಅಧ್ಯಯನ ಮಾಡಿ, ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪಿಕಲ್ಲು ಈ ಅಳಿವೆಯಿಂದ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದರು. ಅದು ಸುಮಾರು 2006ರ ಕಾಲದ ಮಾತು. ಇದಕ್ಕೆ ಬಂಡವಾಳ ಬೇಡ. ಇಳಿತದಲ್ಲಿ ನಡೆದು ಹೋಗುವ ಕಾಲು, ಒಂದು ಬುಟ್ಟಿ, ಇಷ್ಟಿದ್ದರೆ ಸಾಕು. ಆದ್ದರಿಂದಲೇ ಈ ಕೆಲಸದಲ್ಲಿ ಹೆಂಗಸರೇ ಹೆಚ್ಚು.

ಮಾಸೂರು ಕಡೆ ಒಂದು ಸಂಜೆ ಒಬ್ಬ ಅಮ್ಮ ಬಳಚು ಆರಿಸುವುದನ್ನು ನೋಡುತ್ತಾ ನಿಂತಿದ್ದೆ. ಸೊಂಟ ಬಗ್ಗಿಸಿ, ಕಣ್ಣು ಎಲ್ಲೋ ಇಟ್ಟು, ಕಾಲಿನ ಹೆಬ್ಬೆರಳಿನಿಂದ ಕೆಸರು ಕೆದಕುತ್ತಿದ್ದರು. ಚಿಪ್ಪು ತಾಗಿದ್ದು ಕಾಲಿಗೆ ಗೊತ್ತಾಗುತ್ತದೆ, ಕೈ ಆಮೇಲೆ ಹೋಗುತ್ತದೆ. ಸಣ್ಣದನ್ನು ಮುಟ್ಟಿ ನೋಡಿ ಅಲ್ಲೇ ಬಿಟ್ಟರು. ನಾನು ಇನ್ನೂ ಏನೋ ಕೇಳುತ್ತಿದ್ದೆ, ಅವರು ತಲೆ ಎತ್ತಿ, ‘ತಮಾ, ನೀರು ತಿರುಗ್ತು, ಮೇಲೆ ಹತ್ತು’ ಅಂದರು. ನನಗೆ ನೀರಿನಲ್ಲಿ ಯಾವ ಬದಲಾವಣೆಯೂ ಕಾಣಲಿಲ್ಲ. ಹತ್ತು ನಿಮಿಷದಲ್ಲಿ ನಾವು ನಿಂತಿದ್ದ ದಿಬ್ಬ ಇರಲಿಲ್ಲ.

ಬಳಚಿಗೆ ಉಪ್ಪು, ಸಿಹಿ ಎರಡರ ಹದವೂ ಬೇಕು, ಕಾಲಕಾಲಕ್ಕೆ ಬದಲಾಗಲೂ ಬೇಕು. ಬಾಯಿಯ ಹತ್ತಿರ ಒಂದು ಜಾತಿ, ಒಳಗೆ ಇನ್ನೊಂದು ಜಾತಿ ಇರುವುದು ಇದೇ ಕಾರಣಕ್ಕೆ. ಮರಳು ತೆಗೆದು ಹಾಸು ಕೆಡಿಸಿದರೆ ಮತ್ತೆ ಬರಲು ಅದಕ್ಕೆ ಜಾಗವೇ ಇರುವುದಿಲ್ಲ. ಸತ್ತ ಚಿಪ್ಪಿನಿಂದ ಸುಣ್ಣ ಮಾಡುತ್ತಾರೆ. ಎಲೆ ಅಡಿಕೆಯವರಿಗೆ ಅದು ಬೇಕೇ ಬೇಕು.

ಸಾಣಿಕಟ್ಟೆಯ ಉಪ್ಪೂ ಇದೇ ಹೊಳೆಯದೇ?

ಇದೇ ಅಳಿವೆಯ ನೀರು. ಗೋಕರ್ಣದ ಮಗ್ಗುಲಿನ ಸಾಣಿಕಟ್ಟೆಯಲ್ಲಿ ಬಹಳ ಹಳೆಯ ಉಪ್ಪಿನ ಆಗರಗಳಿವೆ. ಭರತದಲ್ಲಿ ನೀರು ಒಳಗೆ ಬಿಟ್ಟುಕೊಂಡು, ಒಂದು ಕಣದಿಂದ ಇನ್ನೊಂದಕ್ಕೆ ಹಾಯಿಸುತ್ತಾ, ಬಿಸಿಲಿಗೆ ದಪ್ಪ ಮಾಡುತ್ತಾ, ಕೊನೆಯ ಕಣದಲ್ಲಿ ಹರಳು ಕಟ್ಟಿಸುತ್ತಾರೆ. ಸೀಸನ್ ಬೇಸಿಗೆ ಮಾತ್ರ, ಅಕಾಲದ ಒಂದು ಮಳೆ ಬಂದರೆ ಆ ವಾರದ ಕೆಲಸ ನೀರಿನಲ್ಲಿ ಹೋಮ. ಆಗೇರ ಸಮುದಾಯದ ಹೆಸರೇ ಆಗರದಿಂದ ಬಂದದ್ದು. ಹುಡಿಯಲ್ಲ, ಹರಳುಪ್ಪು. ನಮ್ಮ ಕಡೆ ಮಾವಿನಮಿಡಿ ಉಪ್ಪಿನಕಾಯಿಗೆ ಇದೇ ಆಗಬೇಕು ಅನ್ನುವ ಅಜ್ಜಿಯಂದಿರು ಇದ್ದಾರೆ. ನಾನು ಅವರ ಪಕ್ಷ.

ಮಿರ್ಜಾನ್ ಕೋಟೆ ಕಡಲ ದಂಡೆ ಬಿಟ್ಟು ಇಷ್ಟು ಒಳಗೆ ಯಾಕೆ?

ಭರತ ಹಿಡಿದರೆ ಸರಕಿನ ದೋಣಿ ಅಲ್ಲಿಯವರೆಗೆ ಸುಖವಾಗಿ ಬರುತ್ತದೆ. ಬಾಯಿ ಸಣ್ಣದಿರುವುದರಿಂದ ಕಡಲ ಅಬ್ಬರವೂ ಇಲ್ಲ, ಹೊರಗಿನ ಹಡಗು ಹೇಳದೆ ಕೇಳದೆ ನುಗ್ಗುವಂತೆಯೂ ಇಲ್ಲ. ಮೆಣಸು ಮಾರುವವರಿಗೆ ಇದಕ್ಕಿಂತ ಇನ್ನೇನು ಬೇಕು? ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಯ ಜೊತೆ ಸೇರಿಕೊಂಡಿದೆ. ಕೆಂಪು ಜಂಬಿಟ್ಟಿಗೆ ಕಲ್ಲಿನ ಗೋಡೆ ಮಳೆಗಾಲದಲ್ಲಿ ಪಾಚಿ ಹಿಡಿದು ಪೂರಾ ಹಸಿರಾಗುತ್ತದೆ, ಫೋಟೋ ತೆಗೆಯುವವರ ಜಾತ್ರೆ ಆಗಲೇ.

ಕಾಂಡ್ಲಾ (ಮ್ಯಾಂಗ್ರೋವ್) ಗಿಡ ನೀರಿನಲ್ಲೇ ಹೇಗೆ ಬದುಕುತ್ತದೆ?

ಕೆಸರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ. ಹಾಗಾಗಿ ಕೆಲವು ಜಾತಿಗಳು ಬೇರನ್ನು ಮೊಳೆಯ ಹಾಗೆ ಮೇಲಕ್ಕೆ ಚುಚ್ಚಿ ಉಸಿರಾಡುತ್ತವೆ, ಕೆಲವು ಊರುಗೋಲಿನ ಹಾಗೆ ಬೇರು ಇಳಿಬಿಟ್ಟು ನಿಲ್ಲುತ್ತವೆ. ಕೆಲವಕ್ಕೆ ಬೀಜ ತಾಯಿಗಿಡದ ಮೇಲೆಯೇ ಮೊಳೆತು, ನುಗ್ಗೆಕಾಯಿಯ ಹಾಗೆ ನೇತಾಡಿ, ಆಮೇಲೆ ಕೆಸರಿಗೆ ಬೀಳುತ್ತದೆ. ಕಟ್ಟೆ ಒಡೆದು ಪಾಳುಬಿದ್ದ ಗಜನಿಗಳಲ್ಲಿ ಈಗ ಕಾಂಡ್ಲಾ ತಾನಾಗಿಯೇ ಏಳುತ್ತಿದೆ, ಅರಣ್ಯ ಇಲಾಖೆಯೂ ನೆಟ್ಟಿದೆ. ಮೀನುಮರಿಗೆ ಇದು ಬಾಲವಾಡಿ. ಆದರೆ ಗಜನಿ ಮರಳಿ ಗದ್ದೆಯಾಗಲಿ ಎನ್ನುವವನಿಗೆ ಇದೇ ತಲೆನೋವು. ಇಬ್ಬರದೂ ನ್ಯಾಯವೇ.

ಈ ಹೊಳೆಗೆ ಅಣೆಕಟ್ಟೇ ಇಲ್ಲ ಎಂಬುದು ನಿಜವಾ?

ದೊಡ್ಡ ಅಣೆಕಟ್ಟು ಇಲ್ಲ. ಕುಮಟಾ, ಹೊನ್ನಾವರಕ್ಕೆ ಕುಡಿಯುವ ನೀರು ಎತ್ತುತ್ತಾರೆ, ಚಿಕ್ಕಪುಟ್ಟ ಒಡ್ಡುಗಳಿವೆ. ಆದರೆ ಹರಿವನ್ನೇ ಹಿಡಿದು ನಿಲ್ಲಿಸುವಂಥದ್ದು ಇಲ್ಲ.

ಇದರ ಬೆಲೆ ತಿಳಿಯಬೇಕಾದರೆ ಪಕ್ಕದ ಶರಾವತಿ ನೋಡಬೇಕು. 1964ರಲ್ಲಿ ಲಿಂಗನಮಕ್ಕಿ ಬಂತು, ಆಮೇಲೆ ಗೇರುಸೊಪ್ಪೆಯಲ್ಲೂ ಕಟ್ಟೆ ಆಯಿತು. ವಿದ್ಯುತ್ತಿಗೆ ವರ್ಷಪೂರ್ತಿ ನೀರು ಬಿಡುತ್ತಾರೆ, ಬೇಸಿಗೆಯಲ್ಲೂ. ಕೇಳಲು ಒಳ್ಳೆಯ ಸುದ್ದಿಯೇ. ಆದರೆ ಬೇಸಿಗೆಯಲ್ಲಿ ಮೇಲೇರಬೇಕಾದ ಉಪ್ಪು ಅಲ್ಲಿ ಏರಲಾರದು. ಹೊನ್ನಾವರದ ಅಳಿವೆಯಲ್ಲಿ ಉಪ್ಪಿನಂಶ ತಗ್ಗಿ ಚಿಪ್ಪಿಕಲ್ಲು ಬಹಳ ಕಡಿಮೆಯಾಯಿತು. ನೀರು ಕಮ್ಮಿಯಾದರೆ ಹೊಳೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಹೊತ್ತಲ್ಲದ ಹೊತ್ತಿನಲ್ಲಿ ಸಿಹಿನೀರು ಹೆಚ್ಚಾದರೂ ಅಳಿವೆ ಕೆಡುತ್ತದೆ ಎಂಬುದು ಶರಾವತಿ ಕಲಿಸಿದ್ದು.

ಅಘನಾಶಿನಿಯ ನೀರನ್ನು ಪೂರ್ವಕ್ಕೆ ಒಯ್ಯುವ ಪ್ರಸ್ತಾವಗಳು ಆಗಾಗ ಏಳುತ್ತವೆ, ಶಿರಸಿ ಕಡೆಯಿಂದ ವಿರೋಧವೂ ಏಳುತ್ತದೆ. ತದಡಿಯಲ್ಲಿ 4,000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರದ ಮಾತೂ ಒಂದು ಕಾಲಕ್ಕೆ ಜೋರಾಗಿತ್ತು, ಬರಲಿಲ್ಲ. ‘ಸಮುದ್ರಕ್ಕೆ ಸುಮ್ಮನೆ ಹರಿದು ಹೋಗುವ ನೀರು’ ಎಂಬ ಮಾತನ್ನು ನಾನು ಎಷ್ಟೋ ಸಭೆಗಳಲ್ಲಿ ಕೇಳಿದ್ದೇನೆ. ಹೇಳಿದವರು ಒಂದು ಸಲ ಜುಲೈನಲ್ಲಿ ಗಜನಿಯ ಕಟ್ಟೆಯ ಮೇಲೆ ನಿಂತಿದ್ದರೆ ಆ ‘ಸುಮ್ಮನೆ’ ಬಾಯಿಗೆ ಬರುತ್ತಿರಲಿಲ್ಲ.

ಶಿರೂರಿನ ಗುಡ್ಡ ಕುಸಿದದ್ದು ಈ ಹೊಳೆಯ ದಡದಲ್ಲಾ?

ಅಲ್ಲ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದು ಅಂಕೋಲಾ ತಾಲ್ಲೂಕಿನಲ್ಲಿ, ಗಂಗಾವಳಿ ಹೊಳೆಗೆ. ಅದು ಗೋಕರ್ಣದ ಉತ್ತರಕ್ಕೆ ಕಡಲು ಸೇರುತ್ತದೆ, ಅಘನಾಶಿನಿ ದಕ್ಷಿಣಕ್ಕೆ.

ನೆರೆ ಬರುವುದು ಮಳೆಯಿಂದಲೋ, ಭರತದಿಂದಲೋ?

ಎರಡೂ ಒಟ್ಟಿಗೆ ಬಂದಾಗ. ಘಟ್ಟದ ಮೇಲೆ ಜೋರು ಮಳೆ ಬಿದ್ದು, ಚಂಡಿಕಾ ಹೊಳೆ ಉಕ್ಕಿ ಕತಗಾಲ ಕಡೆ ಶಿರಸಿ ರಸ್ತೆಯ ಮೇಲೆ ಹತ್ತಿದ ಹೊತ್ತಿಗೇ ಕೆಳಗೆ ಅಮಾವಾಸ್ಯೆಯ ಭರತ ಏರಿದ್ದರೆ ನೀರಿಗೆ ಹೋಗಲು ದಾರಿ ಇರುವುದಿಲ್ಲ. ಅದೇ ಮಳೆ ಅಷ್ಟಮಿಯ ದಿನ ಬಂದರೆ ಬೇಗ ಇಳಿಯುತ್ತದೆ. ಆದ್ದರಿಂದ ಹಳಬರು ಮಳೆ ಜೋರಾದಾಗ ಮೊದಲು ಆಕಾಶ ನೋಡುತ್ತಾರೆ, ಆಮೇಲೆ ತಿಥಿ ಕೇಳುತ್ತಾರೆ.

ರಾಮ್ಸಾರ್ ತಾಣ ಆಗಿದೆಯಂತಲ್ಲ, ಅದರಿಂದ ಏನಾಯಿತು?

1971ರಲ್ಲಿ ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಜೌಗು ನೆಲಗಳ ರಕ್ಷಣೆಗೆ ದೇಶಗಳು ಮಾಡಿಕೊಂಡ ಒಪ್ಪಂದ ಅದು. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಆ ಪಟ್ಟಿಗೆ ಸೇರಿತು. ಗದಗಿನ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಸಹ ಅದೇ ಸಲ ಸೇರಿದವು. ಅದಕ್ಕೂ ಮೊದಲು ರಾಜ್ಯದಿಂದ ಇದ್ದದ್ದು ರಂಗನತಿಟ್ಟು ಒಂದೇ. ಮೀನು ಹಿಡಿಯುವುದು, ಬಳಚು ಆರಿಸುವುದು ನಿಂತುಹೋಗುತ್ತದೆ ಎಂಬ ಗಾಬರಿ ಆಗ ಕೆಲವರಿಗಿತ್ತು. ಒಪ್ಪಂದದಲ್ಲಿ ಹಾಗೇನಿಲ್ಲ, ಹದವರಿತು ಬಳಸಿ ಎಂಬುದೇ ಅದರ ಮಾತು.

ನೋಡಲು ಯಾವಾಗ ಬರಬೇಕು?

ಏನು ನೋಡಬೇಕು ಎಂಬುದರ ಮೇಲೆ. ಉಂಚಳ್ಳಿಗಾದರೆ ಸೆಪ್ಟೆಂಬರ್ ನಂತರ. ಅದಕ್ಕೂ ಮೊದಲು ಹೋದರೆ ಮಂಜು ಮಾತ್ರ ಕಾಣುತ್ತದೆ, ಉಂಬಳ ಉಚಿತ. ಕಗ್ಗದ ತೆನೆ ನೋಡಲು ಅಕ್ಟೋಬರ್. ಹಕ್ಕಿಗಾದರೆ ಡಿಸೆಂಬರ್, ಜನವರಿ. ಉಪ್ಪಿನ ಗುಡ್ಡೆ ನೋಡಲು ಮಾರ್ಚ್, ಏಪ್ರಿಲ್.

ಒಂದೇ ದಿನ ಇರುವವರು ಅಮಾವಾಸ್ಯೆ ಅಥವಾ ಹುಣ್ಣಿಮೆಯ ದಿನ ಹಿಡಿಯಿರಿ. ಹನ್ನೊಂದರ ಹೊತ್ತಿಗೆ ತದಡಿಯಲ್ಲಿ ತುಂಬಿದ ಹೊಳೆ ನೋಡಿ, ತಾರಿ ದಾಟಿ ಅಘನಾಶಿನಿ ಊರಿನಲ್ಲಿ ಊಟ ಮಾಡಿ, ಸಂಜೆ ಐದಕ್ಕೆ ಅದೇ ಜಾಗಕ್ಕೆ ಮರಳಿ ಬನ್ನಿ. ಬೆಳಿಗ್ಗೆ ನೀರು ಮಾತ್ರ ಇದ್ದಲ್ಲಿ ಆಗ ಬುಟ್ಟಿ ಹಿಡಿದ ಹೆಂಗಸರು ನಡೆಯುತ್ತಿರುತ್ತಾರೆ. ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳಿ. ಕೊನೆಯ ತಾರಿ ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ.